ಮುಂಗಾಲೆತ್ತುವ ಕುದುರೆ: ನಾನು ಮಾಡಿ ನೋಡಿದ ದಾರಿಗಳು

ಚಂದ್ರಿ ರೇಸ್ ಬಿಟ್ಟು ಬಂದ ಕುದುರೆ. ಆರು ವರ್ಷದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಹೆಣ್ಣು, ಕಂದು ಮೈ, ಹಣೆಯಲ್ಲಿ ಸಣ್ಣ ಬಿಳಿ ಚುಕ್ಕೆ. ಹೆಸರಘಟ್ಟದ ಕಡೆ ಒಂದು ಲಾಯದಲ್ಲಿ ಇಟ್ಟಿದ್ದೇನೆ. ನನ್ನ ಹತ್ತಿರ ಬಂದ ಮೂರನೇ ವಾರಕ್ಕೆ, ನಾನು ಜೀನಿನ ಮೇಲಿದ್ದಾಗಲೇ ಮುಂಗಾಲೆತ್ತಲು ಶುರು ಮಾಡಿದಳು. ಮೊದಮೊದಲು ಒಂದಡಿ ಅಷ್ಟೇ. ಆಮೇಲೊಂದು ಬೆಳಿಗ್ಗೆ ಪೂರ್ತಿ ಎದ್ದು ನಿಂತಳು. ಜೂಲು ಹಿಡಿದು ಕುತ್ತಿಗೆಗೆ ಅಂಟಿಕೊಂಡಿದ್ದರಿಂದ ಉಳಿದೆ.

ಒದೆಯುವ ಕುದುರೆ ಸವಾರನನ್ನು ಬೀಳಿಸುತ್ತದೆ. ಮುಂಗಾಲೆತ್ತುವ ಕುದುರೆ ಹಿಂದಕ್ಕೆ ಮಗುಚಿದರೆ ಸವಾರನ ಮೇಲೆಯೇ ಬೀಳುತ್ತದೆ. ಥರೋಬ್ರೆಡ್ ಅಂದರೆ ಸಾಮಾನ್ಯವಾಗಿ 450 ಕೆಜಿಯ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು. ಅದಕ್ಕೇ ಈ ಅಭ್ಯಾಸಕ್ಕೆ ಎಲ್ಲರೂ ಹೆದರುತ್ತಾರೆ, ಎಲ್ಲರ ಬಳಿಯೂ ಒಂದೊಂದು ಮದ್ದು ಇರುತ್ತದೆ. ಎಂಟು ತಿಂಗಳಲ್ಲಿ ಅಂಥ ಹಲವು ಮದ್ದುಗಳನ್ನು ಚಂದ್ರಿಯ ಮೇಲೆ ಮಾಡಿ ನೋಡಿದೆ. ಯಾವ ಕ್ರಮದಲ್ಲಿ ಮಾಡಿದೆನೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಆ ಕ್ರಮವೇ ತಪ್ಪಾಗಿತ್ತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೊಡೆತ

ಬಹಳ ಹಳೆಯ ಸಲಹೆ ಇದು. ಕುದುರೆ ಎದ್ದಾಗ ಎರಡು ಕಿವಿಗಳ ನಡುವೆ ಹೊಡೆಯಬೇಕು. ಇನ್ನು ಕೆಲವರು ಬೆಚ್ಚಗಿನ ನೀರು ತುಂಬಿದ ಬಾಟಲಿಯನ್ನು ತಲೆಯ ಮೇಲೆ ಒಡೆಯಿರಿ, ರಕ್ತ ಸುರಿಯಿತು ಅಂತ ಹೆದರಿ ಬಿಟ್ಟುಬಿಡುತ್ತದೆ ಅನ್ನುತ್ತಾರೆ. ನಾನು ಬಾಟಲಿಯನ್ನು ಒಂದೇ ಒಂದು ಸಲ ಬಳಸಿದೆ. ಚಂದ್ರಿ ಕೆಳಗಿಳಿದಳು, ನಿಜ. ಆದರೆ ಏಟು ಬೀಳುವ ಹೊತ್ತಿಗೆ ಅವಳು ಆಗಲೇ ಇಳಿಯುತ್ತಿದ್ದಳು. ಅಂದರೆ ಶಿಕ್ಷೆ ಸಿಕ್ಕಿದ್ದು ಎದ್ದಿದ್ದಕ್ಕಲ್ಲ, ಇಳಿದಿದ್ದಕ್ಕೆ. ಅದಾದ ಮೇಲೆ ಮೂರು ವಾರ ಕಿವಿಯ ಹತ್ತಿರ ಕೈ ತರಲು ಬಿಡಲಿಲ್ಲ. ಕಡಿವಾಣ ಹಾಕಲು ದಿನಾ ಅರ್ಧ ಗಂಟೆ ಬೇಕಾಯಿತು. ಈ ದಾರಿಯನ್ನು ಯಾರಿಗೂ ಹೇಳಲಾರೆ.

ಮಾರ್ಟಿಂಗೇಲ್ ಮತ್ತು ಕಡಿವಾಣ ಬದಲಾವಣೆ

ಸ್ಟ್ಯಾಂಡಿಂಗ್ ಮಾರ್ಟಿಂಗೇಲ್ ಅಂದರೆ ಹೊಟ್ಟೆಪಟ್ಟಿಯಿಂದ ಮುಂಗಾಲುಗಳ ನಡುವೆ ಹಾದು ಮೂಗುಪಟ್ಟಿಗೆ ಕಟ್ಟುವ ಚರ್ಮದ ಪಟ್ಟಿ. ತಲೆ ಒಂದು ಮಟ್ಟಕ್ಕಿಂತ ಮೇಲೆ ಹೋಗದಂತೆ ಅದು ತಡೆಯುತ್ತದೆ. ತಲೆ ಎತ್ತದೆ ಕುದುರೆ ಏಳುವುದಾದರೂ ಹೇಗೆ ಅನ್ನುವುದು ಲೆಕ್ಕ. ನನಗೂ ಸರಿ ಅನ್ನಿಸಿತ್ತು. ಮೊದಲ ನಾಲ್ಕು ದಿನ ಚಂದ್ರಿ ಏಳಲಿಲ್ಲ. ಖುಷಿಯಾಗಿ ಮೂಗುಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡಿದೆ. ಐದನೇ ದಿನ ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದು, ಯಾವ ಸೂಚನೆಯನ್ನೂ ಕೊಡದೆ ನೆಟ್ಟಗೆ ಎದ್ದಳು. ಪಟ್ಟಿ ತಲೆಯನ್ನು ಹಿಡಿದುಕೊಂಡಿತ್ತು. ಸಮತೋಲಕ್ಕೆ ಕುತ್ತಿಗೆ ಚಾಚಲು ಅವಳಿಗೆ ಆಗಲಿಲ್ಲ. ಪಕ್ಕಕ್ಕೆ ವಾಲಿ, ಹೇಗೋ ಕಾಲೂರಿದಳು. ಅವತ್ತೇ ಅದನ್ನು ಬಿಚ್ಚಿ ತೆಗೆದಿಟ್ಟೆ.

ಆಮೇಲೆ ಬಾಯಿಯ ವಸ್ತು ಬದಲಾಯಿಸಿದೆ. ಗಡುಸು ಕಡಿವಾಣ ಹಾಕಿ ಅಂದವರ ಮಾತು ಕೇಳಲಿಲ್ಲ. ದಪ್ಪ ರಬ್ಬರಿನ ಸ್ನಾಫಲ್ (ಮೆದು ಬಗೆಯ ಕಡಿವಾಣ) ಹಾಕಿದೆ, ಸ್ವಲ್ಪ ವಾಸಿ. ಬಳಿಕ ಬಾಯಿಗೆ ಏನೂ ಇಲ್ಲದ, ಬರೀ ಮೂಗಿನ ಮೇಲೆ ಸಡಿಲವಾಗಿ ಕೂರುವ ಸೈಡ್‌ಪುಲ್ ಹಾಕಿದೆ. ವಾರದಲ್ಲಿ ಐದಾರು ಸಲ ಏಳುತ್ತಿದ್ದವಳು ಎರಡು ಸಲಕ್ಕೆ ಇಳಿದಳು. ಅದರ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಮುಂದಕ್ಕೆ ಓಡಿಸುವುದೋ, ಪಕ್ಕಕ್ಕೆ ತಿರುಗಿಸುವುದೋ

ಗೊತ್ತಿರುವವರಲ್ಲಿ ನಿಜವಾದ ವಾದ ಇರುವುದು ಈ ಎರಡರ ನಡುವೆ. ಎರಡಕ್ಕೂ ಬುಡ ಒಂದೇ. ಕುದುರೆ ಏಳುವ ಮೊದಲು ನಿಲ್ಲಲೇಬೇಕು. ನಿಂತು, ಭಾರವನ್ನು ಹಿಂದಕ್ಕೆ ತಂದು, ಎರಡೂ ಹಿಂಗಾಲನ್ನು ನೆಲಕ್ಕೆ ಊರಿದರೆ ಮಾತ್ರ ಏಳಲು ಸಾಧ್ಯ. ಆ ಒಂದು ಕ್ಷಣವನ್ನು ಹಿಡಿಯುವುದೇ ಕೆಲಸ.

ಮುಂದಕ್ಕೆ ಓಡಿಸುವವರು ಹೇಳುವುದು ಇಷ್ಟು: ಲಗಾಮು ಬಿಡಿ, ಎರಡೂ ಕಾಲಿನಿಂದ ಒತ್ತಿ, ಕುದುರೆ ನಡೆಯುತ್ತಲೇ ಇರಲಿ. ಓದಿದರೆ ಸುಲಭ. ರೇಸಿನಿಂದ ಬಂದ ಕುದುರೆಯಲ್ಲಿ ಒಂದು ತೊಡಕಿದೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದಷ್ಟೂ ಕುದುರೆ ಅದಕ್ಕೆ ಒರಗಿ ಜೋರಾಗಿ ಓಡಲು ಕಲಿತಿರುತ್ತದೆ. ನಾವು ಅದೇ ಬಿಗಿಯನ್ನು 'ನಿಲ್ಲು' ಅನ್ನುವುದಕ್ಕೆ ಬಳಸುತ್ತೇವೆ. ಹೆದರಿದ ಸವಾರ ಕೈಯಲ್ಲಿ ಹಿಡಿದು, ಕಾಲಲ್ಲಿ ಒತ್ತುತ್ತಾನೆ. ಮುಂದಿನ ಬಾಗಿಲೂ ಮುಚ್ಚಿದೆ, ಹಿಂದಿನಿಂದಲೂ ದೂಡುತ್ತಿದ್ದಾರೆ. ಉಳಿದಿರುವುದು ಮೇಲೆ ಮಾತ್ರ, ಅಲ್ವಾ? ನಾನು ತಿಂಗಳುಗಟ್ಟಲೆ ಮಾಡಿದ್ದು ಇದನ್ನೇ. ಕೈಯನ್ನು ಪೂರ್ತಿ ಬಿಡಲು ಕಲಿತ ಮೇಲೆ ಬಯಲಿನಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡಿತು. ಲಾಯದ ಗೇಟಿನ ಬಳಿ, ಮನೆಗೆ ಹೋಗುವ ಆಸೆಯಲ್ಲಿ ಅವಳು ನಿಂತುಬಿಟ್ಟಾಗ ಮಾತ್ರ ಸೋತಿತು. ಅಲ್ಲಿ ಕಾಲು ಒತ್ತಿದಷ್ಟೂ ಅವಳ ಹಟ ಜಾಸ್ತಿ.

ಗೇಟಿನ ಬಳಿ ಗೆದ್ದದ್ದು ಎರಡನೆಯದು, ಒಂದೇ ಲಗಾಮಿನ ತಿರುವು. ನಡೆ ಕುಗ್ಗಿ, ಕುತ್ತಿಗೆ ಬಿಗಿಯಾಗಿ, ಕಿವಿ ಹಿಂದೆ ಬಂದ ತಕ್ಷಣ ಒಂದು ಕೈಯನ್ನು ತೊಡೆಯ ಕಡೆಗೆ ತೆರೆಯುವುದು, ಇನ್ನೊಂದನ್ನು ಪೂರ್ತಿ ಸಡಿಲ ಬಿಡುವುದು, ಅದೇ ಬದಿಯ ಕಾಲಿನಿಂದ ಹಿಂಭಾಗವನ್ನು ಆಚೆ ಸರಿಸುವುದು. ಆಗ ಹಿಂಗಾಲು ಒಂದರ ಮುಂದೊಂದು ದಾಟಬೇಕಾಗುತ್ತದೆ. ದಾಟುತ್ತಿರುವ ಕಾಲಿನ ಮೇಲೆ ಯಾವ ಕುದುರೆಯೂ ಏಳಲಾರದು. ಎರಡು ಸುತ್ತು, ಆಮೇಲೆ ಲಗಾಮು ಬಿಟ್ಟು ನಡೆಸುವುದು.

ಇದರಲ್ಲಿ ದೊಡ್ಡ ಅಪಾಯವೂ ಇದೆ. ಕುದುರೆ ಆಗಲೇ ಗಾಳಿಯಲ್ಲಿರುವಾಗ ಒಂದು ಲಗಾಮು ಎಳೆದರೆ ಪಕ್ಕಕ್ಕೆ ಬೀಳುತ್ತದೆ. ಎದ್ದಾಗ ಮಾಡಬೇಕಾದದ್ದು ಬೇರೆ. ಎರಡೂ ಕೈ ಮುಂದಕ್ಕೆ, ಎದೆ ಜೂಲಿಗೆ, ಲಗಾಮಿನಲ್ಲಿ ಒಂದು ಚೂರೂ ಎಳೆತ ಬೇಡ. ಅದು ಹಿಂದಕ್ಕೆ ಮಗುಚುತ್ತಿದೆ ಅನ್ನಿಸಿದರೆ ರಿಕಾಪಿನಿಂದ (ಜೀನಿನಲ್ಲಿ ಪಾದ ಇಡುವ ಬಳೆ) ಕಾಲು ಬಿಡಿಸಿ ಪಕ್ಕಕ್ಕೆ ಹಾರಬೇಕು. ಹೆಲ್ಮೆಟ್ ಇಲ್ಲದೆ, ಒಬ್ಬರೇ ಇದ್ದಾಗ ಇದ್ಯಾವುದನ್ನೂ ಮಾಡಬೇಡಿ.

ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಾನು ತಿರುವನ್ನೇ ಆರಿಸುತ್ತೇನೆ. ಅದಕ್ಕೆ ಜೋರು ಬೇಡ, ಹೊತ್ತು ಗೊತ್ತಿದ್ದರೆ ಸಾಕು. ಆದರೆ ಅದನ್ನು ನಾವು ನೆಲದ ಮೇಲೆ ನಿಂತು, ಕೈಯಲ್ಲಿ ಹಗ್ಗ ಹಿಡಿದು ಮೊದಲು ಕಲಿಸಬೇಕು. ನಾನು ಮೇಲೆ ಕೂರದೆ ಒಂದು ತಿಂಗಳು ಅದನ್ನೇ ಮಾಡಿದೆ.

ಹಲ್ಲು, ಜೀನು, ಹೊಟ್ಟೆ

ಇಷ್ಟೆಲ್ಲಾ ಆದರೂ ಚಂದ್ರಿ ಏಳುವುದು ಪೂರ್ತಿ ನಿಲ್ಲಲಿಲ್ಲ. ಐದನೇ ತಿಂಗಳಲ್ಲಿ ಕುದುರೆ ಹಲ್ಲು ನೋಡುವ ಪಶುವೈದ್ಯರು ಲಾಯಕ್ಕೆ ಬಂದರು. ಮಂಪರಿನ ಔಷಧಿ ಕೊಟ್ಟು, ಬಾಯಿ ತೆರೆಸಿ, ಟಾರ್ಚ್ ಹಾಕಿ, ನನ್ನನ್ನು ಹತ್ತಿರ ಕರೆದು ತೋರಿಸಿದರು.

ಕುದುರೆಯ ಹಲ್ಲು ವರ್ಷಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ, ಅಗಿಯುವಾಗ ಅಷ್ಟೇ ಸವೆಯುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ಹಲ್ಲುಗಳ ಹೊರ ಅಂಚು ಸವೆಯದೆ ಚೂಪಾಗಿ ಕೆನ್ನೆಗೆ ಚುಚ್ಚುತ್ತದೆ. ಹುಲ್ಲು ಕಡಿಮೆ, ಓಟ್ಸ್ ಮತ್ತು ಹುರುಳಿ ಜಾಸ್ತಿ ತಿಂದು ಬೆಳೆದ ಕುದುರೆಯಲ್ಲಿ ಇದು ಇನ್ನೂ ಬೇಗ. ಚಂದ್ರಿಯ ಎರಡೂ ಕೆನ್ನೆಯ ಒಳಗೆ ಹುಣ್ಣುಗಳಿದ್ದವು. ನಾನು ಬಿಗಿ ಮಾಡಿದ ಮೂಗುಪಟ್ಟಿ ಆ ಕೆನ್ನೆಯನ್ನು ಆ ಚೂಪಿಗೇ ಒತ್ತುತ್ತಿತ್ತು. ಮಾರ್ಟಿಂಗೇಲ್ ಹಾಕಿದ ಮೇಲೆ ಅವಳು ತಲೆ ಎತ್ತಿದಾಗಲೆಲ್ಲ ಹುಣ್ಣಿನ ಮೇಲೆ ಕತ್ತಿ ಆಡಿಸಿದ ಹಾಗೆ ಆಗಿರಬೇಕು. ಅವತ್ತು ಲಾಯದ ಗೋಡೆಗೆ ಒರಗಿ ತುಂಬಾ ಹೊತ್ತು ನಿಂತಿದ್ದೆ. ನಾಲ್ಕು ತಿಂಗಳು ಅವಳು ಹೇಳುತ್ತಲೇ ಇದ್ದಳು.

ಹಲ್ಲು ಉಜ್ಜಿ ನಯ ಮಾಡಿದರು. ಎರಡು ವಾರ ಬಾಯಿಗೆ ಏನೂ ಹಾಕಲಿಲ್ಲ.

ಆಮೇಲೆ ಜೀನು ನೋಡಿದೆ. ಸವಾರಿ ಮುಗಿದ ಮೇಲೆ ಬೆವರಿನ ಗುರುತು ನೋಡುವುದು ಸುಲಭದ ಪರೀಕ್ಷೆ. ಸುತ್ತಲೂ ಒದ್ದೆಯಿದ್ದು ನಡುವೆ ಅಂಗೈಯಷ್ಟು ಒಣ ಜಾಗ ಇದ್ದರೆ ಅಲ್ಲಿ ಜೀನು ಒತ್ತುತ್ತಿದೆ ಅಂತ ಅನುಮಾನ ಪಡಬೇಕು. ಚಂದ್ರಿಯ ಹೆಗಲ ದಿಬ್ಬದ ಹಿಂದೆ ಎರಡೂ ಬದಿ ಹಾಗೇ ಇತ್ತು. ಜಾಕಿಗಳು ಬೆನ್ನಿನಿಂದ ಮೇಲೆದ್ದು ಓಡಿಸುತ್ತಾರೆ. ನಾವು ಬೆನ್ನಿನ ಮೇಲೆಯೇ ಕೂರುತ್ತೇವೆ. ಅಗಲದ ಜೀನು ತಂದೆ. ಹಳೆಯದನ್ನು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಬೇಕಾಯಿತು.

ಮೂರನೆಯದು ಹೊಟ್ಟೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ತಿನ್ನಲಿ ಬಿಡಲಿ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಅದು ಮೇಲೆ ಚಿಮ್ಮಿ, ರಕ್ಷಣೆಯಿಲ್ಲದ ಮೇಲುಭಾಗಕ್ಕೆ ತಾಗುತ್ತದೆ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತೀರಾ ಸಾಮಾನ್ಯ. ಹೊಟ್ಟೆಪಟ್ಟಿ ಬಿಗಿಯುವಾಗ ಚಂದ್ರಿ ತಿರುಗಿ ಕಚ್ಚಲು ಬರುತ್ತಿದ್ದಳು. ನಾವು ಅದನ್ನು ಕೋಪ ಅಂದುಕೊಂಡಿದ್ದೆವು. ವೈದ್ಯರು ಆಮ್ಲ ಊರುವುದನ್ನು ಕಡಿಮೆ ಮಾಡುವ ಒಮೆಪ್ರಜೋಲ್ ಕೊಟ್ಟರು. ನಾನು ಸವಾರಿಗೆ ಅರ್ಧ ಗಂಟೆ ಮೊದಲು ಒಂದು ಹಿಡಿ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಹಾಕಲು ಶುರು ಮಾಡಿದೆ. ಅದರ ಕ್ಯಾಲ್ಸಿಯಂ ಆಮ್ಲವನ್ನು ತಗ್ಗಿಸುತ್ತದೆ. ಕಚ್ಚಲು ಬರುವುದು ಒಂದು ತಿಂಗಳಲ್ಲಿ ನಿಂತಿತು.

ಪಕ್ಕಪಕ್ಕ ಇಟ್ಟು ನೋಡಿದರೆ

ನೋವು ಹುಡುಕುವುದು ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನಿಧಾನ. ಆದರೂ ಅದೇ ಮೊದಲು ಬರಬೇಕಿತ್ತು. ಹಾಗಂತ ನೋವು ಹೋದ ಕೂಡಲೇ ಅಭ್ಯಾಸ ಹೋಗಲಿಲ್ಲ. ಹಲ್ಲು ಸರಿಯಾದ ಮೇಲೂ ಆರು ವಾರ, ಬಾಯಿಗೆ ಕಡಿವಾಣ ತಾಗಿದರೆ ನೋಯುತ್ತದೆ ಅನ್ನುವ ನೆನಪಿಗೇ ಅವಳು ಮುಂಗಾಲು ಹಗುರ ಮಾಡುತ್ತಿದ್ದಳು. ಆಗ ಒಂದೇ ಲಗಾಮಿನ ತಿರುವು ಇಲ್ಲದಿದ್ದರೆ ನಾನು ಸೋಲುತ್ತಿದ್ದೆ. ನೋವಿರುವಾಗ ಅದೇ ತಿರುವು ಅರ್ಧ ಕೆಲಸ ಮಾಡಿತ್ತು, ನೋವು ಹೋದ ಮೇಲೆ ಪೂರ್ತಿ ಕೆಲಸ ಮಾಡಿತು. ಮಾರ್ಟಿಂಗೇಲ್ ತಲೆಯನ್ನು ಹಿಡಿಯಿತು, ಕಾಲನ್ನಲ್ಲ. ಏಳುವುದು ಕಾಲು.

ಸಣ್ಣ ಬದಲಾವಣೆ ಇನ್ನೊಂದಿದೆ. ರೇಸಿನಲ್ಲಿ ಜಾಕಿಯನ್ನು ಯಾರೋ ಮೊಣಕಾಲು ಹಿಡಿದು ಎತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ಸವಾರ ಹತ್ತುವ ಕಟ್ಟೆಯ ಪಕ್ಕ ಸುಮ್ನೆ ನಿಲ್ಲುವುದು ಚಂದ್ರಿಗೆ ಗೊತ್ತೇ ಇರಲಿಲ್ಲ. ಹತ್ತಿದ ತಕ್ಷಣ ಅವಳನ್ನು ನಿಲ್ಲಿಸಿ ಲಗಾಮು ಸರಿಮಾಡಿಕೊಳ್ಳುತ್ತಿದ್ದೆ, ಅಲ್ಲೇ ಏಳುತ್ತಿದ್ದಳು. ಈಗ ಹತ್ತಿದ ಕೂಡಲೇ ನಡೆಯಲು ಬಿಡುತ್ತೇನೆ. ನಡೆಯುತ್ತಲೇ ರಿಕಾಪು ಹುಡುಕಿಕೊಳ್ಳುತ್ತೇನೆ.

ಇಂಥ ಕುದುರೆಯನ್ನು ಯಾರಿಗಾದರೂ ಕೊಟ್ಟುಬಿಡುವ ದಾರಿಯೂ ಇದೆ. ಕೊಡುವುದು ತಪ್ಪಲ್ಲ, ಮುಚ್ಚಿಟ್ಟು ಕೊಡುವುದು ತಪ್ಪು. ನನಗೆ ಕೊಟ್ಟವರು ಒಂದು ಮಾತು ಹೇಳಿದ್ದರೆ ಮೊದಲ ದಿನವೇ ಬಾಯಿ ತೆರೆಸಿ ನೋಡಿಸುತ್ತಿದ್ದೆ.

ಚಂದ್ರಿ ಕೊನೆಯ ಸಲ ಎದ್ದು ಹನ್ನೊಂದು ವಾರ ಆಯಿತು. ಗೇಟಿನ ಬಳಿ ಈಗಲೂ ಒಂದು ಕಿವಿ ಹಿಂದೆ ಮಾಡುತ್ತಾಳೆ. ನಾನು ಎಡಕ್ಕೆ ಒಂದು ಸುತ್ತು ತಿರುಗಿಸಿ ಕೈ ಬಿಡುತ್ತೇನೆ. ಮುಂದಿನ ಹಲ್ಲು ತಪಾಸಣೆಯ ತಾರೀಕನ್ನು ಲಾಯದ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.