ಅಡುಗೆಮನೆ ನೆಲಕ್ಕೆ ಐದು ತುಂಡು, ಇಪ್ಪತ್ತು ದಿನ

ನಮ್ಮ ಮೈಸೂರಿನ ಮನೆಯ ಅಡುಗೆಮನೆಯಲ್ಲಿ ಇದ್ದದ್ದು 1991ರ ಮೊಸಾಯಿಕ್ ನೆಲ. ಸಿಂಕ್ ಮುಂದೆ ಸವೆದು ಚಿಪ್ಸ್ ಎದ್ದಿದ್ದವು. ಸಿಲಿಂಡರ್ ಇಡುವ ಮೂಲೆಯಲ್ಲಿ ಉಜ್ಜಿದರೂ ಹೋಗದ ತುಕ್ಕಿನ ಉಂಗುರ. ಹೊಸ ನೆಲ ಹಾಕಿಸೋಣ ಅಂದಾಗ ನಾಲ್ಕು ಜನಕ್ಕೆ ನಾಲ್ಕು ಆಸೆ. ಅತ್ತೆಗೆ ಗ್ರಾನೈಟ್, ಗಂಡನಿಗೆ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್, ಮಗಳಿಗೆ ಮರದಂತೆ ಕಾಣುವ ವಿನೈಲ್, ಅಂದರೆ ಪ್ಲಾಸ್ಟಿಕ್ ನೆಲಹಾಸು. ನನ್ನ ತವರು ಕಲಬುರಗಿ, ಹಾಗಾಗಿ ನನಗೆ ಶಹಾಬಾದ್ ಕಲ್ಲು.

ಜಗಳ ಯಾಕೆ ಅಂತ ಎಲ್ಲದರದ್ದೂ ಒಂದೊಂದು ತುಂಡು ತಂದು ಹಿತ್ತಿಲ ಬಾಗಿಲ ಬಳಿ ಸಾಲಾಗಿ ಇಟ್ಟೆ. ಅಂಗಡಿಯವರು ಸುಮ್ನೆ ಕೊಟ್ಟ ಮ್ಯಾಟ್, ಅಂದರೆ ಹೊಳಪಿಲ್ಲದ ವಿಟ್ರಿಫೈಡ್ ಟೈಲ್ ಐದನೆಯದು. ದಿನಾ ರಾತ್ರಿ ಒಂದೊಂದು ಚಮಚ ಹುಣಸೆ ನೀರು, ನಿಂಬೆರಸ, ಅರಿಶಿನ ಕಲಸಿದ ಎಣ್ಣೆ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಆಮೇಲೆ ಒದ್ದೆ ಕಾಲಲ್ಲಿ ಒಂದೊಂದರ ಮೇಲೂ ನಿಂತು ನೋಡುವುದು. ಹೀಗೆ ಇಪ್ಪತ್ತು ದಿನ.

ಮೊದಲು ಸೋತಿದ್ದು ನನ್ನ ಶಹಾಬಾದ್. ಎರಡನೇ ಬೆಳಿಗ್ಗೆಯೇ ನಿಂಬೆರಸ ಬಿದ್ದ ಕಡೆ ರೂಪಾಯಿ ಅಗಲದ ಬಿಳಿ ಮಚ್ಚೆ. ಅದು ಕೊಳೆ ಅಲ್ಲ, ಕಲ್ಲೇ ಕರಗಿದ್ದು. ಶಹಾಬಾದ್ ಸುಣ್ಣದ ಕಲ್ಲು, ಹುಳಿ ತಾಕಿದರೆ ಮೇಲ್ಮೈ ತಿಂದುಹೋಗುತ್ತದೆ. ಅಮೃತಶಿಲೆಗೂ ಇದೇ ಗತಿ. ತವರಿನ ಅಡುಗೆಮನೆಯಲ್ಲೂ ಇಂಥ ಮಚ್ಚೆಗಳು ಇದ್ದವು. ಆದರೆ ದಶಕಗಳ ಎಣ್ಣೆ ಕುಡಿದು, ಕಾಲು ತಿಕ್ಕಿ ತಿಕ್ಕಿ ನೆಲವೇ ಕಪ್ಪಾಗಿತ್ತು, ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೇಸಿಗೆ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿ ಮೈಯಲ್ಲಿ ಮಲಗಿದ ತಂಪು ಇನ್ನೂ ಬೆನ್ನಿಗೆ ನೆನಪಿದೆ. ಆ ತಂಪು ಬೇಕಾದದ್ದು ಕಲಬುರಗಿಯಲ್ಲಿ, ಮೈಸೂರಲ್ಲಿ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ.

ವಿನೈಲ್ ಕಥೆ ಚಿಕ್ಕದು. ಒಗ್ಗರಣೆ ಸೌಟನ್ನು ಮರೆತು ಅದರ ಮೇಲೆ ಇಟ್ಟೆ. ದುಂಡನೆ ಗುರುತು ಬಿತ್ತು. ಮುಗಿಯಿತು.

ಹೊಳೆಯುವ ವಿಟ್ರಿಫೈಡ್ ಕಲೆ ವಿಷಯದಲ್ಲಿ ಪರವಾಗಿಲ್ಲ. ವಿಟ್ರಿಫೈಡ್ ಅಂದರೆ ನೀರು ಹೀರುವುದು ಶೇಕಡಾ ಅರ್ಧಕ್ಕಿಂತ ಕಮ್ಮಿ. ಆದರೆ ಒದ್ದೆ ಕಾಲಿಗೆ ಒಂದು ಹನಿ ಎಣ್ಣೆ ಸೇರಿದರೆ ಸಾಕು, ಜಾರುಬಂಡಿ. ನಾನು ಗೋಡೆ ಹಿಡಿದೇ ನಿಂತಿದ್ದೆ. ಅತ್ತೆಗೆ ಎಪ್ಪತ್ತೆರಡು ವರ್ಷ, ಇನ್ನು ಚರ್ಚೆ ಬೇಕಿರಲಿಲ್ಲ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದರು. ಅಷ್ಟೆ.

ಉಳಿದದ್ದು ಗ್ರಾನೈಟ್ ಮತ್ತು ಮ್ಯಾಟ್ ಟೈಲ್. ಗ್ರಾನೈಟ್ ತುಂಡು ಬೂದು ಬಣ್ಣದ್ದು, ಚರ್ಮದಂತೆ ಸಣ್ಣಗೆ ತರಿತರಿಯಾದ ಲೆದರ್ ಫಿನಿಶ್. ಹುಳಿಗೆ ಜಗ್ಗಲಿಲ್ಲ, ಎಣ್ಣೆ ಮಾತ್ರ ಒಂದೆರಡು ಕಡೆ ಕಪ್ಪಗೆ ಇಳಿಯಿತು. ಕಲ್ಲು ಎಣ್ಣೆ-ನೀರು ಹೀರದಂತೆ ತಡೆಯುವ ಸೀಲರ್ ಹಚ್ಚಿದ್ದರೆ ಅದೂ ಕಮ್ಮಿ ಆಗುತ್ತಿತ್ತು. ಅತ್ತೆ ಪರೀಕ್ಷೆಗೆ ಅಂತ ಅದರ ಮೇಲೆ ತೆಂಗಿನಕಾಯಿ ಕುಕ್ಕಿ ಒಡೆದರು. ಕಲ್ಲಿಗೆ ಗೀರೂ ಬೀಳಲಿಲ್ಲ. ಅದೇ ಕಾಯಿಪೆಟ್ಟಿಗೆ ಮ್ಯಾಟ್ ಟೈಲಿನ ಮೂಲೆ ಚಕ್ಕೆ ಎದ್ದಿತು. ಅತ್ತೆ ನನ್ನ ಕಡೆ ನೋಡಿದ ನೋಟ ಹೇಳಲಾರೆ.

ಮೇಸ್ತ್ರಿ ಬಂದು ಅತ್ತೆಯ ಗೆಲುವನ್ನು ತಿರುಗಿಸಿಬಿಟ್ಟರು. ಗ್ರಾನೈಟ್ 18 ಮಿ.ಮೀ. ದಪ್ಪ. ಅದರ ಕೆಳಗೆ ಗಾರೆ ಬೇರೆ. ಹಳೇ ನೆಲ ಒಡೆಯದೆ ಹಾಕಿದರೆ ಅಡುಗೆಮನೆ ಹಾಲ್‌ಗಿಂತ ಎತ್ತರವಾಗಿ ಎಡವುವ ಮೆಟ್ಟಿಲು. ಒಡೆದರೆ ಕೆಳಗಿರುವ ಪೈಪು ಏನಾಗುತ್ತದೋ ದೇವರಿಗೇ ಗೊತ್ತು. ಟೈಲ್ ಆದರೆ 9 ಮಿ.ಮೀ., ಮೊಸಾಯಿಕ್ ಮೇಲೆ ಕಚ್ಚು ಹಾಕಿ ಅಂಟಿನಲ್ಲೇ ಕೂರಿಸಬಹುದು. ಬಾಗಿಲ ಕೆಳಗೆ ಸ್ವಲ್ಪ ಕತ್ತರಿಸಿದರೆ ಆಯಿತು. ಹಳೇ ಕಾಲದ ಕೆಂಪು ಸಿಮೆಂಟ್ ನೆಲ, ರೆಡ್ ಆಕ್ಸೈಡ್ ಬಗ್ಗೆಯೂ ಕೇಳಿದೆ. ದಿನಗಟ್ಟಲೆ ನೀರು ಕಟ್ಟಿ ಬಿಡಬೇಕಂತೆ, ಅಲ್ಲಿಯವರೆಗೆ ಅಡುಗೆ ಎಲ್ಲಿ ಮಾಡೋದು?

ಕೊನೆಗೆ ಮ್ಯಾಟ್ ಟೈಲೇ ಅಂತ ಆಯಿತು. ಆದರೆ ಮ್ಯಾಟ್‌ನಲ್ಲೂ ಅತಿ ಬೇಡ. ಅಂಗಳಕ್ಕೆ ಹಾಕುವ ತೀರಾ ಒರಟು ಟೈಲ್ ಒಂದನ್ನೂ ಅಂಗಡಿಯಲ್ಲಿ ಒರೆಸಿ ನೋಡಿದ್ದೆ, ಬಟ್ಟೆಯ ನೂಲೇ ಕಿತ್ತು ಬಂತು. ರಾಗಿಹಿಟ್ಟು ಚೆಲ್ಲಿದರೆ ಅದರ ಸಂದುಗಳಿಂದ ತೆಗೆಯುವವರು ಯಾರು? ಅಂಗೈ ಸವರಿದರೆ ಸಣ್ಣಗೆ ತಡೆಯಬೇಕು, ತರಚಬಾರದು. ಅಷ್ಟು ಒರಟುತನ ಸಾಕು.

ನಾವು ಎಡವಿದ್ದು ಬೇರೆ ಕಡೆ. ಮೇಸ್ತ್ರಿಯ ಹುಡುಗರು ಮೊದಲ ಸಾಲಿನಲ್ಲಿ ಅಂಟನ್ನು ಐದು ಉಂಡೆ ಮಾಡಿ ಟೈಲ್ ಕೂರಿಸಿದ್ದರು. ಮರುದಿನ ನಾಣ್ಯದಿಂದ ತಟ್ಟಿದೆ. ಟಣ್ ಅನ್ನಬೇಕಾದ ಕಡೆ ಡಬ್ ಡಬ್ ಅಂತು, ಅಡಿಯಲ್ಲಿ ಪೊಳ್ಳು. ಅದರ ಮೇಲೆ ಸಿಲಿಂಡರ್ ಕುಕ್ಕಿದರೆ ಬಿರುಕೇ ಗತಿ. ಆರು ಟೈಲ್ ಕಿತ್ತು, ಹಲ್ಲಿನ ಕರಣೆಯಲ್ಲಿ ಅಂಟು ಪೂರ್ತಿ ಬಳಿಸಿ ಮತ್ತೆ ಹಾಕಿಸಿದೆ. ಟೈಲ್‌ಗಳ ನಡುವಿನ ಜಾಯಿಂಟ್‌ಗೆ ಗ್ರೌಟ್ ಅಂತ ತುಂಬುತ್ತಾರಲ್ಲ, ಅದನ್ನು ಎಪಾಕ್ಸಿ ಎಂಬ ರಾಳದ್ದು ಹಾಕಿಸಿದೆ. ಸಿಮೆಂಟ್ ಗ್ರೌಟ್‌ಗಿಂತ ದುಡ್ಡು ಜಾಸ್ತಿ, ಆದರೆ ಅರಿಶಿನ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಟೈಲ್ ಎಷ್ಟೇ ಒಳ್ಳೆಯದಾಗಿದ್ದರೂ ಮೊದಲು ಹಳದಿಯಾಗುವುದು ಆ ಗೆರೆಯೇ ಅಲ್ವಾ. ಒಂದೇ ಎಚ್ಚರ: ಎಪಾಕ್ಸಿಯನ್ನು ಆಗಿಂದಾಗ್ಗೆ ಒರೆಸದಿದ್ದರೆ ಮ್ಯಾಟ್ ಟೈಲ್ ಮೇಲೆ ಮಬ್ಬು ಪೊರೆ ಕೂರುತ್ತದೆ. ಒಲೆ ಮುಂದಿನ ಒಂದು ಟೈಲ್ ಇವತ್ತಿಗೂ ಮಬ್ಬಾಗಿಯೇ ಇದೆ.

ಈಗ ಎಂಟು ತಿಂಗಳಾಯಿತು. ಗ್ರಾನೈಟ್ ತುಂಡು ಅಡುಗೆಮನೆ ಮೂಲೆಯಲ್ಲೇ ಇದೆ. ಅತ್ತೆ ಕಾಯಿ ಒಡೆಯುವುದು ಅದರ ಮೇಲೇ, ಉಳಿದ ಹೊತ್ತು ಸಿಲಿಂಡರ್ ನಿಲ್ಲುವುದೂ ಅದರ ಮೇಲೇ.