ಚಿಂಕ್ವೆ ತೆರ್ರೆಯೋ, ಅಮಾಲ್ಫಿಯೋ?

ಮಕ್ಕಳು, ಅಜ್ಜಿ-ತಾತ ಎಲ್ಲರ ಜೊತೆ ಇಟಲಿಯ ಕಡಲ ತೀರಕ್ಕೆ ಹೊರಟಿದ್ದೀರಾ? ಚಿಂಕ್ವೆ ತೆರ್ರೆ, ಅಮಾಲ್ಫಿ ತೀರ ಎರಡನ್ನೂ ಒಂದೇ ವಾರಕ್ಕೆ ತುರುಕಬೇಡಿ. ಮೊದಲನೆಯದು ಉತ್ತರದಲ್ಲಿದೆ, ಎರಡನೆಯದು ನೇಪಲ್ಸ್‌ಗಿಂತ ದಕ್ಷಿಣಕ್ಕೆ.

ದೊಡ್ಡ ವ್ಯತ್ಯಾಸ ಇರುವುದು ಓಡಾಟದಲ್ಲಿ. ಚಿಂಕ್ವೆ ತೆರ್ರೆಯ 5 ಊರುಗಳಿಗೂ ರೈಲಿದೆ. ಪಕ್ಕದ ಲಾ ಸ್ಪೆಜಿಯಾದಲ್ಲೋ ಲೆವಾಂತೊದಲ್ಲೋ ರೂಮು ಮಾಡಿದರೆ ಸಾಕು, ಕಾರು ಬೇಡವೇ ಬೇಡ. ಅಮಾಲ್ಫಿ ತೀರದ ಊರುಗಳಾದ ಅಮಾಲ್ಫಿ, ಪೊಸಿತಾನೊಗಳಿಗೆ ರೈಲಿಲ್ಲ. ಬೆಟ್ಟದ ಅಂಚಿನ ಕಿರಿದಾದ ರಸ್ತೆ, ತಿರುವಿನ ಮೇಲೆ ತಿರುವು, ಬೇಸಿಗೆಯಲ್ಲಿ ಕಿಕ್ಕಿರಿದ ಬಸ್ಸು. ಬಸ್ಸು ಹತ್ತಿದರೆ ವಾಂತಿ ಮಾಡುವ ಮಗು ಇದ್ದರೆ ಹತ್ತಿರದ ಸಲೆರ್ನೊದಲ್ಲಿ ಉಳಿದು ಫೆರಿ ಹಿಡಿಯಿರಿ. ಅಮಾಲ್ಫಿಗೆ ಸುಮಾರು 35 ನಿಮಿಷ. ಚಳಿಗಾಲದಲ್ಲಿ ಮಾತ್ರ ಫೆರಿ ನೆಚ್ಚಿಕೊಳ್ಳಬೇಡಿ. ಅಲೆ ಜೋರಾದ ದಿನವೂ ಅಷ್ಟೇ.

ಮೆಟ್ಟಿಲು ಎರಡೂ ಕಡೆ ಇವೆ. ಪೊಸಿತಾನೊ ಅಂದರೆ ಮೆಟ್ಟಿಲೇ! ಚಿಂಕ್ವೆ ತೆರ್ರೆಯ ಕೊರ್ನೀಲ್ಯದಲ್ಲಿ ಸ್ಟೇಷನ್‌ನಿಂದ ಊರಿಗೆ ಸುಮಾರು 380, ಆದರೆ ಪುಟ್ಟ ಬಸ್ಸೂ ಇದೆ. ಮೊಣಕಾಲು ನೋವಿನವರಿಗೆ, ಮರಳಲ್ಲಿ ಆಡುವ ಮಕ್ಕಳಿಗೆ ಅದೇ ಐದರಲ್ಲೊಂದಾದ ಮೊಂತೆರೊಸ್ಸೊ ಸರಿ.

ಊಟಕ್ಕೆ ಉತ್ತರದಲ್ಲಿ ಬೇಸಿಲ್ ಸೊಪ್ಪಿನ ಚಟ್ನಿಯಂಥ ಪೆಸ್ತೊ, ಫೊಕಾಚಾ ಬ್ರೆಡ್ಡು, ಕಡಲೆಹಿಟ್ಟಿನ ಫರಿನಾತಾ. ದಕ್ಷಿಣದಲ್ಲಿ ಮಾರ್ಗರಿಟಾ ಪಿಜ್ಜಾ. ಸಸ್ಯಾಹಾರಿಗಳು ಹಸಿದಿರಬೇಕಿಲ್ಲ.

ಅಮಾಲ್ಫಿಗೆ ಒಂದು ತೂಕ ಜಾಸ್ತಿ: ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ನಗರ ಹತ್ತಿರದಲ್ಲೇ ಇದೆ. ಹೈಸ್ಕೂಲು ಮಕ್ಕಳಿದ್ದರೆ ನನ್ನ ಮತ ಅಮಾಲ್ಫಿಗೇ. ಪುಟಾಣಿಗಳು, ವಯಸ್ಸಾದವರು ಇದ್ದರೆ ಸುಮ್ನೆ ಚಿಂಕ್ವೆ ತೆರ್ರೆಯ ರೈಲಿನ ಊರುಗಳಿಗೆ ಹೋಗಿ. ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಎರಡಕ್ಕೂ ಹೊಂದುತ್ತದೆ, ಸಮುದ್ರದ ನೀರು ಮಾತ್ರ ಆಗಿನ್ನೂ ತಣ್ಣಗಿರುತ್ತದೆ.