ಸ್ವಿಚ್‌ನ ವೆಬ್ ಪುಟದಲ್ಲಿ ವೈಫೈ ಸೆಟ್ ಮಾಡಿಸ್ತಿದ್ದೀರಾ? ‘ಅಪ್ಲೈ’ ಆದ ಮಾತ್ರಕ್ಕೆ ನಂಬಬೇಡಿ

ನಮ್ಮ ಆಫೀಸಿಗೆ ಬಂದವರೊಬ್ಬರು ಅತಿಥಿ ವೈಫೈಗೆ ಲ್ಯಾಪ್‌ಟಾಪ್ ಜೋಡಿಸಿ ಪ್ರಿಂಟ್ ಕೊಡಲು ಹೋದರು. ಪಟ್ಟಿಯಲ್ಲಿ ನಮ್ಮ ಅಕೌಂಟ್ಸ್ ವಿಭಾಗದ ಪ್ರಿಂಟರ್ ಕಾಣಿಸಿತು. ಅತಿಥಿಗಳಿಗೆ ಅದು ಕಾಣಲೇಬಾರದು. ತಕ್ಷಣ ನನ್ನ ಫೋನನ್ನೂ ಅದೇ ವೈಫೈಗೆ ಜೋಡಿಸಿ ನೋಡಿದೆ. ಸಿಕ್ಕ ಐಪಿ ವಿಳಾಸ ಸಿಬ್ಬಂದಿ ನೆಟ್‌ವರ್ಕಿನದು. ಆಫೀಸಿನ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯೇ ಸ್ವಿಚ್; ಬ್ರೌಸರ್‌ನಲ್ಲಿ ಅದರ ವಿಳಾಸ ಹೊಡೆದರೆ ಲಾಗಿನ್ ಪುಟವೇ ತೆರೆಯಿತು. ಇನ್ನೂ ಕೆಟ್ಟದ್ದೆಂದರೆ, ಕಂಪನಿಯಿಂದ ಬರುವಾಗ ಇದ್ದ ಪಾಸ್‌ವರ್ಡೇ ಅದರಲ್ಲಿ ಇನ್ನೂ ನಡೀತಿತ್ತು. ರಿಸೆಪ್ಷನ್‌ನಲ್ಲಿ ಕೂತ ಯಾರು ಬೇಕಾದರೂ ಇಡೀ ನೆಟ್‌ವರ್ಕನ್ನು ಬದಲಾಯಿಸಬಹುದಿತ್ತು.

ಇದು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದೇ ಥರ ಎಲ್ಲಿ ಬೇಕಾದರೂ ಆಗಬಹುದು.

ನಮ್ಮ ಸ್ವಿಚ್‌ನೊಳಗೇ ವೈಫೈ ನಿಯಂತ್ರಿಸುವ ವೈರ್‌ಲೆಸ್ ಕಂಟ್ರೋಲರ್ ಇದೆ. ಆಕ್ಸೆಸ್ ಪಾಯಿಂಟ್‌ಗಳ (ವೈಫೈ ಸಿಗ್ನಲ್ ಕೊಡುವ ಸಾಧನಗಳ) ಹೆಸರು, ಪಾಸ್‌ವರ್ಡ್, ಚಾನೆಲ್ ಎಲ್ಲವನ್ನೂ ಅದರ ವೆಬ್ ಪುಟದಲ್ಲೇ ಹಾಕಬೇಕು. ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆಯಾಗಿ ಮಾಡುವ ನೆಟ್‌ವರ್ಕಿಗೆ ವಿಲ್ಯಾನ್ (VLAN) ಅಂತಾರೆ. ಸಿಬ್ಬಂದಿಗೆ ವಿಲ್ಯಾನ್ 1, ಅತಿಥಿಗಳಿಗೆ ವಿಲ್ಯಾನ್ 20 ಅಂತ ಮಾಡಿಸಿದ್ದೆವು. ಅಳವಡಿಸಲು ಬಂದವರು ಎಲ್ಲ ತುಂಬಿಸಿ ‘ಅಪ್ಲೈ’ ಒತ್ತಿದರು. ಹಸಿರು ಗುರುತು ಬಂತು. ಎರಡೂ ವೈಫೈ ಸರಿಯಾಗಿ ನಡೆದವು. ಅವರು ಹೋದರು.

ಆದರೆ ಇಂಥ ಹಲವು ಸ್ವಿಚ್‌ಗಳಲ್ಲಿ ‘ಅಪ್ಲೈ’ ಅಂದರೆ ಸದ್ಯಕ್ಕೆ ಜಾರಿಗೆ ಬಂತು ಅಂತ ಮಾತ್ರ. ಅದು ರನ್ನಿಂಗ್ ಕಾನ್ಫಿಗ್‌ಗೆ, ಅಂದರೆ ಈಗ ನಡೆಯುತ್ತಿರುವ ಸೆಟ್ಟಿಂಗ್‌ಗಳಿಗೆ, ಹೋಗುತ್ತದೆ. ಆಫ್ ಆಗಿ ಆನ್ ಆದಮೇಲೂ ಉಳಿಯಬೇಕಾದರೆ ಸ್ಟಾರ್ಟಪ್ ಕಾನ್ಫಿಗ್‌ಗೆ ಬೇರೆಯಾಗಿ ‘ಸೇವ್’ ಮಾಡಬೇಕು. ನಮ್ಮದರಲ್ಲಿ ಆ ಬಟನ್ ಪುಟದ ಮೇಲೆ ಮೂಲೆಯಲ್ಲಿರುವ ಒಂದು ಪುಟ್ಟ ಫ್ಲಾಪಿ ಚಿತ್ರ. ಸೇವ್ ಆಗದ ಬದಲಾವಣೆ ಇದ್ದರೆ ಅದು ಮಿಣುಕುತ್ತದೆ, ಅಷ್ಟೇ.

ಒಂದು ದಿನ ಕರೆಂಟ್ ಹೋಗಿ ಬಂತು. ವೈಫೈ ಹೆಸರುಗಳು ತಾವಾಗಿಯೇ ಉಳಿದುಕೊಂಡಿದ್ದವು, ಪೋರ್ಟ್‌ಗಳ (ಸ್ವಿಚ್‌ನಲ್ಲಿ ಕೇಬಲ್ ಚುಚ್ಚುವ ಜಾಗಗಳ) ವಿಲ್ಯಾನ್ ಸೆಟ್ಟಿಂಗ್ ಮಾತ್ರ ಅಳಿಸಿಹೋಗಿತ್ತು. ಅತಿಥಿಗಳ ಡೇಟಾಗೆ ಆಕ್ಸೆಸ್ ಪಾಯಿಂಟ್ ‘ವಿಲ್ಯಾನ್ 20’ ಅನ್ನುವ ಗುರುತು (ಟ್ಯಾಗ್) ಹಾಕಿ ಕಳಿಸುತ್ತಿತ್ತು, ಪೋರ್ಟ್ ಅದನ್ನು ಒಳಗೇ ಬಿಡುತ್ತಿರಲಿಲ್ಲ. ಅತಿಥಿಗಳ ಫೋನ್ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಅನ್ನುವಲ್ಲೇ ನಿಂತಿತು. ಲ್ಯಾಪ್‌ಟಾಪ್‌ಗಳಲ್ಲಿ 169.254ರಿಂದ ಶುರುವಾಗುವ ವಿಳಾಸ ಬಂತು. ಐಪಿ ಕೊಡುವವರು ಯಾರೂ ಸಿಗಲಿಲ್ಲ ಅನ್ನುವುದಕ್ಕೆ ಅದೇ ಗುರುತು.

ಇಲ್ಲಿಯವರೆಗೆ ತೊಂದರೆ ಇತ್ತು, ಅಪಾಯ ಇರಲಿಲ್ಲ. ರಿಪೇರಿಗೆ ಬಂದ ತಂತ್ರಜ್ಞರು ಪೋರ್ಟ್ ಪುಟವನ್ನು ತೆರೆದೇ ನೋಡಲಿಲ್ಲ. ಅತಿಥಿ ವೈಫೈನ ವಿಲ್ಯಾನ್ ಜಾಗದಲ್ಲಿ 20 ತೆಗೆದು 1 ಹಾಕಿದರು. ನೆಟ್ ಬಂತು. ಎಲ್ಲರಿಗೂ ಸಮಾಧಾನ ಆಯಿತು. ಈ ಸಲ ಸೇವ್ ಕೂಡ ಮಾಡಿದ್ದರು! ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ನೆಟ್ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುವವರ ಕೈಗೆ ವಿಲ್ಯಾನ್ ಕೊಡಬಾರದು.

‘ಕ್ಲೈಂಟ್ ಐಸೊಲೇಶನ್ ಆನ್ ಇದೆಯಲ್ಲ’ ಅಂತ ಅವರು ಆಮೇಲೆ ವಾದ ಮಾಡಿದರು. ಅದು ಸಾಮಾನ್ಯವಾಗಿ ವೈಫೈನಲ್ಲಿರುವ ಸಾಧನಗಳು ಒಂದಕ್ಕೊಂದು ಮಾತಾಡದಂತೆ ತಡೆಯುತ್ತದೆ. ಕೇಬಲ್‌ನಲ್ಲಿರುವ ಪ್ರಿಂಟರ್, ಸರ್ವರ್‌ಗಳನ್ನೂ ಅದು ಕಾಯುತ್ತದೆ ಅಂತ ಸುಮ್ನೆ ನಂಬುವ ಹಾಗಿಲ್ಲ.

ಹಾಗಾಗಿ ಅಳವಡಿಸುವವರು ಹೊರಡುವ ಮೊದಲು ಸ್ವಿಚ್ಚನ್ನು ಒಮ್ಮೆ ರೀಬೂಟ್ ಮಾಡಿಸಿ, ನಿಮ್ಮೆದುರಿಗೇ. ಎದ್ದು ಬಂದಮೇಲೆ ಅತಿಥಿ ವೈಫೈಗೆ ನೀವೇ ಜೋಡಿಸಿ ವಿಳಾಸ ನೋಡಿ. ಸಿಬ್ಬಂದಿಗೆ 192.168.1, ಅತಿಥಿಗೆ 192.168.20 ಅಂತ ಇಟ್ಟಿದ್ದರೆ ಮೂರನೇ ಸಂಖ್ಯೆಯೇ ಹೇಳಿಬಿಡುತ್ತದೆ. ಅಲ್ಲಿಂದಲೇ ಪ್ರಿಂಟರ್ ಮತ್ತು ಸ್ವಿಚ್‌ನ ಪುಟ ತೆರೆಯಲು ನೋಡಿ. ತೆರೆದರೆ ಅವರನ್ನು ಕಳಿಸಬೇಡಿ. 5 ಗಿಗಾಹರ್ಟ್ಸ್ ವೈಫೈ ಬೇಗ ಕಾಣಿಸದಿದ್ದರೆ ಮಾತ್ರ ಗಾಬರಿ ಬೇಡ. ಕೆಲವು ಚಾನೆಲ್‌ಗಳಲ್ಲಿ ರೇಡಾರ್ ಇದೆಯಾ ಅಂತ ಕನಿಷ್ಠ ಒಂದು ನಿಮಿಷ ಕೇಳಿಸಿಕೊಂಡೇ ಅದು ಶುರುವಾಗುತ್ತದೆ.

ಅತಿಥಿಗಳಿಗೆ ಐಪಿ ಸಿಗದಿದ್ದರೆ ಮೊದಲು ನೋಡಬೇಕಾದ್ದು ಎರಡು ಪೋರ್ಟ್. ಆಕ್ಸೆಸ್ ಪಾಯಿಂಟ್ ಜೋಡಿಸಿರುವುದು ಒಂದು, ರೌಟರ್‌ಗೆ ಹೋಗುವುದು ಇನ್ನೊಂದು. ನಮ್ಮಂಥ ಜೋಡಣೆಯಲ್ಲಿ ಎರಡರಲ್ಲೂ 20 ಟ್ಯಾಗ್ಡ್ ಆಗಿರಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ.

ಈ ಬದಲಾವಣೆಗಳನ್ನು ವೈಫೈ ಮೇಲೆ ಕೂತು ಮಾಡಲು ಬಿಡಬೇಡಿ. ಪೋರ್ಟ್ ಬದಲಾದ ಕ್ಷಣಕ್ಕೆ ನಿಮ್ಮ ಸಂಪರ್ಕವೇ ಕಡಿದುಹೋಗಬಹುದು, ಆಮೇಲೆ ಸೇವ್ ಬಟನ್ ಒತ್ತುವುದು ಹೇಗೆ ಅಲ್ವಾ? ಕೇಬಲ್ ಹಾಕಿಕೊಂಡೇ ಮಾಡಲಿ. ಸ್ವಿಚ್‌ನ ಲಾಗಿನ್ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸರಿಯಾದಮೇಲೆ ಕಾನ್ಫಿಗ್ ಫೈಲ್ ಡೌನ್‌ಲೋಡ್ ಮಾಡಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.